ಹಳೇ ಡಿಸ್ಕ್‌ನಿಂದ ಅಮ್ಮನ ಬರಹ ತೆಗೆದದ್ದು

ಅಮ್ಮ ಏನೋ ಬರೆಯುತ್ತಿದ್ದಾಳೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ಮುಂದೆ ಕೂತು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದಳು. "ಏನಮ್ಮಾ ಬರೀತಿದ್ದೀಯ?" ಅಂದರೆ "ಸುಮ್ನೆ, ನೆನಪಾದದ್ದು" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಕಂಪ್ಯೂಟರ್‌ಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆವು. ಹನ್ನೊಂದು ವರ್ಷ ಯಾರೂ ಮುಟ್ಟಲಿಲ್ಲ. ಕಳೆದ ವರ್ಷ ತಂಗಿ ಕೇಳಿದಳು: "ಅಣ್ಣಾ, ಅಮ್ಮ ಬರೆದದ್ದೆಲ್ಲ ಅದರಲ್ಲೇ ಇರಬೇಕಲ್ವಾ?"

ಇತ್ತು. ಆದರೆ ಹೊರಗೆ ತೆಗೆಯೋಕೆ ಒಂದು ವಾರ ಹಿಡಿಯಿತು. ಇಂಥ ಹಳೇ ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇದ್ದರೆ ಉಪಯೋಗಕ್ಕೆ ಬರಲಿ ಅಂತ, ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ.

ಕೆಳಗಿಳಿಸಿ ಸ್ವಿಚ್ ಒತ್ತಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮುಚ್ಚಳ ಬಿಚ್ಚಿ ನೋಡಿದರೆ ಮದರ್‌ಬೋರ್ಡ್ ಮೇಲಿನ ನಾಲ್ಕೈದು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಬೋರ್ಡ್ ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಬೋರ್ಡ್ ಹೋದರೆ ಡಿಸ್ಕ್ ಹೋಯಿತು ಅಂತಲ್ಲ. ನಿಜ ಹೇಳಬೇಕೆಂದರೆ ಅದು ಆನ್ ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ವಿಂಡೋಸ್ ಶುರುವಾದ ಕೂಡಲೇ ಡಿಸ್ಕ್ ಮೇಲೆ ಅದೂ ಇದೂ ಬರೆಯೋಕೆ ಹತ್ತುತ್ತದೆ. ಅಳಿಸಿದ ಫೈಲ್‌ಗಳು ಇದ್ದ ಜಾಗವೇ ಆ ಬರಹಕ್ಕೆ ಸಿಗಬಹುದು. ಈಗ ನನಗೆ ಯಾರಾದರೂ ಕೇಳಿದರೆ, ಹಳೇ ಯಂತ್ರವನ್ನು ಆನ್ ಮಾಡಿ ನೋಡೋಣ ಅನ್ನುವ ಆಸೆಯನ್ನೇ ಬಿಡಿ, ಡಿಸ್ಕ್ ಬಿಚ್ಚಿ ತೆಗೆಯಿರಿ ಅನ್ನುತ್ತೇನೆ.

ಬಿಚ್ಚುವುದು ಕಷ್ಟವಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದುಕೊಂಡೆ. ನಾಲ್ಕು ಸ್ಕ್ರೂ ತೆಗೆದರೆ ಡಿಸ್ಕ್ ಕೈಗೆ ಬಂತು. 80 ಜಿಬಿ, ಮೂರೂವರೆ ಇಂಚಿನದು, ಐಡಿಇ ಅನ್ನುವ ಹಳೇ ಬಗೆಯದು. ಅಗಲವಾದ ಪಟ್ಟಿಯಂಥ ಕೇಬಲ್, 40 ಪಿನ್‌ನ ಕನೆಕ್ಟರ್, ಪವರ್‌ಗೆ ನಾಲ್ಕು ಪಿನ್‌ನ ಬೇರೆ ಪ್ಲಗ್ ಇದ್ದರೆ ಅದು ಐಡಿಇ. ಆಮೇಲೆ ಬಂದ ಸಾಟಾ ಡಿಸ್ಕ್‌ಗಳಲ್ಲಿ ಚಪ್ಪಟೆಯಾದ ಎರಡು ಸಣ್ಣ ಬಾಯಿಗಳಿರುತ್ತವೆ. ಎರಡಕ್ಕೂ ಆಗುವ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ತಗೊಳ್ಳುವಾಗ ಒಂದು ವಿಷಯ ನೋಡಿ: ಮೂರೂವರೆ ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಜೊತೆಗೆ 12 ವೋಲ್ಟ್ ಕೂಡ ಬೇಕು. ಅದು ಯುಎಸ್‌ಬಿಯಿಂದ ಬರುವುದಿಲ್ಲ. ಹಾಗಾಗಿ ಅಡಾಪ್ಟರ್ ಜೊತೆಗೇ ಬೇರೆ ಪವರ್ ಸಪ್ಲೈ ಇರಬೇಕು. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಸಾಕು.

ಜೋಡಿಸಿದೆ. ಡಿಸ್ಕ್ ತಿರುಗಿತು, ಸದ್ದು ನಯವಾಗಿತ್ತು, ಆದರೆ ಕಂಪ್ಯೂಟರ್‌ಗೆ ಕಾಣಿಸಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹಿಂದಿನ ಜಂಪರ್, ಎರಡು ಪಿನ್ ಜೋಡಿಸುವ ಪುಟ್ಟ ತುಂಡು, ಕಣ್ಣಿಗೆ ಬಿತ್ತು. ಐಡಿಇ ಕಾಲದಲ್ಲಿ ಒಂದೇ ಕೇಬಲ್‌ಗೆ ಎರಡು ಡಿಸ್ಕ್ ಹಾಕುತ್ತಿದ್ದರು, ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ನಮ್ಮದು ಸ್ಲೇವ್‌ನಲ್ಲಿತ್ತು. ಡಿಸ್ಕ್‌ನ ಲೇಬಲ್ ಮೇಲೇ ಜಂಪರ್ ಚಿತ್ರ ಇರುತ್ತದೆ. ಅದನ್ನು ನೋಡಿ ಮಾಸ್ಟರ್‌ಗೆ ಬದಲಾಯಿಸಿದ ಕೂಡಲೇ ಡಿಸ್ಕ್ ಕಾಣಿಸಿತು.

ಕಾಣಿಸಿದ್ದರ ಹಿಂದೆಯೇ ವಿಂಡೋಸ್ ಒಂದು ಪ್ರಶ್ನೆ ಎಸೆಯಿತು: ಈ ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹಳೇ ಯಂತ್ರದಲ್ಲಿ ಡಿ ಡ್ರೈವ್ ಆಗಿದ್ದ ಭಾಗದ ಬಗ್ಗೆ ಕೇಳಿದ್ದು. ಅಮ್ಮನ ಫೈಲ್‌ಗಳು ಇದ್ದದ್ದು ಅಲ್ಲೇ. ಎದೆ ಧಸಕ್ಕೆಂದಿತು. ಇಂಥ ಹೊತ್ತಲ್ಲಿ ಒತ್ತಬೇಕಾದದ್ದು ಬೇಡ ಅನ್ನುವ ಬಟನ್ ಒಂದನ್ನೇ. ಚೆಕ್ ಡಿಸ್ಕ್ ಓಡಿಸಿ ಸರಿಮಾಡಿಸೋಣ ಅಂತಲೂ ಹೋಗಬೇಡಿ. ಅದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ, ಸರಿಹೊಂದಿಸೋಕೆ ಡಿಸ್ಕ್ ಮೇಲೇ ಬರೆಯುತ್ತದೆ. ಓದಲಾಗದ ಕಡೆ ಇದ್ದ ಫೈಲ್‌ನ ಗುರುತುಗಳನ್ನೇ ಕಿತ್ತು ಹಾಕುವುದೂ ಉಂಟು. ನಾನು ವಿಂಡೋಸ್ ಮುಚ್ಚಿ, ಅದರ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನುವ ಬೇರೆ ವ್ಯವಸ್ಥೆ ಶುರುಮಾಡಿದೆ.

ಸ್ಮಾರ್ಟ್ ವರದಿ ತೆಗೆದು ನೋಡಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಅದರಲ್ಲಿ 5 ಮತ್ತು 197ನೇ ಸಾಲು ಮುಖ್ಯ. ಡಿಸ್ಕ್‌ನ ಪುಟ್ಟ ಪುಟ್ಟ ಖಾನೆಗಳಿಗೆ ಸೆಕ್ಟರ್ ಅನ್ನುತ್ತಾರೆ; ಕೆಟ್ಟು ಹೋಗಿ ಬದಲಾಯಿಸಿದ ಸೆಕ್ಟರ್ ಎಷ್ಟು, ಓದೋಕೆ ಆಗದೆ ಕಾಯುತ್ತಿರುವ ಸೆಕ್ಟರ್ ಎಷ್ಟು ಅಂತ ಅವು ಹೇಳುತ್ತವೆ. ಎರಡೂ ಸೊನ್ನೆ ಇರಬೇಕು. ನಮ್ಮದರಲ್ಲಿ ಎರಡೂ ಸೊನ್ನೆ ಇರಲಿಲ್ಲ.

ಇಲ್ಲಿ ನಾನು ಒಂದು ನಿರ್ಧಾರ ಮಾಡಿದೆ. ಇಡೀ ಕೆಲಸ ನಿಂತದ್ದು ಅದರ ಮೇಲೆ. ಸಾಯುತ್ತಿರುವ ಡಿಸ್ಕ್‌ನಲ್ಲಿ ಇನ್ನೆಷ್ಟು ಗಂಟೆ ಉಸಿರಿದೆಯೋ ಗೊತ್ತಿಲ್ಲ. ಫೋಲ್ಡರ್ ತೆರೆದು, ಹುಡುಕಿ, ಒಂದೊಂದೇ ಫೈಲ್ ಎಳೆಯುತ್ತಾ ಕೂತರೆ ಆ ಉಸಿರೆಲ್ಲ ಹುಡುಕಾಟಕ್ಕೇ ಹೋಗುತ್ತದೆ. ಅದಕ್ಕೇ ಮೊದಲು ಇಡೀ ಡಿಸ್ಕ್ ಅನ್ನು, ಸೆಕ್ಟರ್‌ಗೆ ಸೆಕ್ಟರ್, ಹೊಸ ಡಿಸ್ಕ್ ಮೇಲೆ ಒಂದು ಫೈಲ್ ಆಗಿ ಇಳಿಸಿಕೊಳ್ಳಬೇಕು. ಹುಡುಕಾಟ ಏನಿದ್ದರೂ ಆ ನಕಲಿನ ಮೇಲೆ. ಅಸಲಿ ಡಿಸ್ಕ್ ಅನ್ನು ಆಮೇಲೆ ಮುಟ್ಟಲೇಬಾರದು.

ಇದಕ್ಕೆ ನಾನು ಬಳಸಿದ್ದು ಗ್ನು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್. ಉಚಿತವಾಗಿ ಸಿಗುತ್ತದೆ. ಸಾಮಾನ್ಯ ನಕಲು ಕೆಟ್ಟ ಜಾಗ ಸಿಕ್ಕಿದಲ್ಲೇ ನಿಂತು ಒದ್ದಾಡುತ್ತದೆ. ಇದು ಹಾಗಲ್ಲ. ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ. ಎಲ್ಲೆಲ್ಲಿ ಹಾರಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಲಿ, ನೀವೇ ನಿಲ್ಲಿಸಲಿ, ಮತ್ತೆ ಅದೇ ಮ್ಯಾಪ್ ಫೈಲ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್ ಫೈಲ್ ಇಲ್ಲದೆ ಇದನ್ನು ಓಡಿಸಬೇಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಆದೇಶದಲ್ಲಿ ಮೊದಲು ಬರುವುದು ಯಾವುದರಿಂದ ಓದಬೇಕು, ಆಮೇಲೆ ಬರುವುದು ಎಲ್ಲಿಗೆ ಬರೆಯಬೇಕು. ಫೈಲ್ ಬದಲು ನೇರವಾಗಿ ಡಿಸ್ಕ್‌ಗೇ ಇಳಿಸುವಾಗ ಎರಡು ಡಿಸ್ಕ್‌ಗಳ ಹೆಸರು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ಅಸಲಿ ಡಿಸ್ಕ್ ಮೇಲೆ ಕೂರುತ್ತದೆ. ಅಲ್ಲಿಗೆ ಮುಗೀತು. ನಾನು ಹೆಸರು, ಮಾಡೆಲ್, ಗಾತ್ರ ಮೂರನ್ನೂ ಕಾಗದದ ಮೇಲೆ ಬರೆದುಕೊಂಡು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿಯಾಗಿ ಓದಿಸಿ, ಆಮೇಲೆ ಎಂಟರ್ ಒತ್ತಿದೆ.

ಮೊದಲ ಸುತ್ತು ಮೈನಸ್ ಎನ್ ಅನ್ನುವ ಆಯ್ಕೆಯಲ್ಲಿ. ಕೆಟ್ಟ ಜಾಗವನ್ನು ಕೆರೆಯಬೇಡ ಅಂತ ಅದರ ಅರ್ಥ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ 38 ಎಂಬಿ ಬಿಟ್ಟು ಎಲ್ಲಾ ಬಂತು. ಎರಡನೇ ಸುತ್ತಿಗೆ ಮೂರು ಸಲ ಪ್ರಯತ್ನ ಮಾಡು ಅಂತ ಹೇಳಿ ಬಿಟ್ಟೆ. ಈ 38 ಎಂಬಿಗೆ ಎರಡು ದಿನ ಹಿಡಿಯಿತು. ಡಿಸ್ಕ್ ಬಿಸಿಯಾಗದಂತೆ ಟೇಬಲ್ ಫ್ಯಾನ್ ಹಚ್ಚಿಟ್ಟಿದ್ದೆ. ಸಮತಟ್ಟಾದ ಮರದ ಮೇಜಿನ ಮೇಲೆ ಇಟ್ಟು, ತಿರುಗುವಾಗ ಯಾರೂ ಮೇಜು ಅಲುಗಿಸದಂತೆ ನೋಡಿಕೊಂಡೆ. ಒಳಗೆ ಓದುವ ಹೆಡ್, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಕೊನೆಗೆ 96 ಕೆಬಿ ಉಳಿಯಿತು. 512 ಬೈಟ್‌ಗೆ ಒಂದರಂತೆ 192 ಸೆಕ್ಟರ್. ಹಿಂದಿನಿಂದ ಮುಂದಕ್ಕೆ ಓದಿಸಿ ನೋಡಿದೆ, ಅವು ಬರಲಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ನಮ್ಮ ಡಿಸ್ಕ್ ಟಕ್ ಟಕ್ ಅನ್ನಲಿಲ್ಲ, ಅದು ಅದೃಷ್ಟ. ಹಾಗೆ ಸದ್ದು ಬಂದರೆ, ಅಥವಾ ಡಿಸ್ಕ್ ತಿರುಗದೇ ಹೋದರೆ, ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಪವರ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆದು ಕೆಲಸ ಮಾಡುವವರ ಕೈಗೆ ಕೊಡಬೇಕು. ಫ್ರೀಜರ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ, ಅದರ ಮೇಲೆ ಹೆಡ್ ಓಡಿದರೆ ಇದ್ದದ್ದೂ ಹೋಗುತ್ತದೆ. ಅದೇ ಮಾಡೆಲ್‌ನ ಬೇರೆ ಡಿಸ್ಕ್‌ನ ಹಸಿರು ಬೋರ್ಡ್ ತಂದು ಕೂರಿಸುವುದೂ ಈಗ ಸಾಮಾನ್ಯವಾಗಿ ಫಲಿಸುವುದಿಲ್ಲ. ಆ ಒಂದು ಡಿಸ್ಕ್‌ಗೇ ಹೊಂದಿಸಿದ ಅಳತೆಗಳು ಬೋರ್ಡ್ ಮೇಲಿನ ಚಿಪ್‌ನಲ್ಲಿರುತ್ತವೆ.

ನಕಲಿನ ಇನ್ನೊಂದು ಪ್ರತಿ ಮಾಡಿಕೊಂಡು ಕೆಲಸಕ್ಕೆ ಕೂತೆ. ಸಿ ಡ್ರೈವ್ ಓದೋಕೆ ಮಾತ್ರ ಅನ್ನುವ ರೀತಿಯಲ್ಲಿ ಸಲೀಸಾಗಿ ತೆರೆಯಿತು. ವಿಂಡೋಸ್ ಎಕ್ಸ್‌ಪಿ ಆದ್ದರಿಂದ ಎಲ್ಲರ ಫೈಲ್‌ಗಳು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಅನ್ನುವ ಫೋಲ್ಡರ್‌ನಲ್ಲಿದ್ದವು. ಫೋಟೋಗಳು ಅಲ್ಲಿ ಸಿಕ್ಕವು. ಜನ ಮರೆಯುವುದು ಮೇಲ್‌ಗಳನ್ನು. ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸುತ್ತಿದ್ದರೆ, ಲೋಕಲ್ ಸೆಟ್ಟಿಂಗ್ಸ್ ಅನ್ನುವ ಅಡಗಿಸಿಟ್ಟ ಫೋಲ್ಡರ್ ಒಳಗೆ, ಐಡೆಂಟಿಟೀಸ್ ಅನ್ನುವಲ್ಲಿ ಡಿಬಿಎಕ್ಸ್ ಫೈಲ್‌ಗಳಾಗಿ ಇರುತ್ತವೆ. ಅವನ್ನೂ ಎತ್ತಿಟ್ಟುಕೊಂಡೆ.

ಡಿ ಡ್ರೈವ್ ತೆರೆಯಲಿಲ್ಲ. ಅದರ ಮೊಟ್ಟಮೊದಲ ಸೆಕ್ಟರ್, ಬೂಟ್ ಸೆಕ್ಟರ್, ಓದಲಾಗದ 192ರಲ್ಲಿ ಒಂದಾಗಿತ್ತು. ವಿಂಡೋಸ್ ಫಾರ್ಮ್ಯಾಟ್ ಕೇಳಿದ್ದು ಅದಕ್ಕೇ. ಒಳಗೆ ಎಲ್ಲಾ ಸರಿ ಇದ್ದರೂ ಬಾಗಿಲ ಮೇಲಿನ ಹೆಸರು ಅಳಿಸಿಹೋದ ಮನೆಯ ಹಾಗೆ. ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್‌ನ ಫೈಲ್ ಸಿಸ್ಟಮ್ ಈ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನು ಆ ಭಾಗದ ಕೊನೆಯಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್ ಅನ್ನುವ ಉಚಿತ ಪ್ರೋಗ್ರಾಮ್ ಎರಡನ್ನೂ ಹೋಲಿಸಿ, ಮೊದಲನೆಯದು ಕೆಟ್ಟಿದೆ, ಎರಡನೆಯದು ಸರಿ ಇದೆ ಅಂತ ತೋರಿಸಿತು. ಎರಡನೆಯದನ್ನು ಮೊದಲನೆಯದರ ಜಾಗಕ್ಕೆ ಹಾಕು ಅಂದೆ. ನಕಲಿನ ಮೇಲೆ ಕೆಲಸ ಮಾಡುತ್ತಿದ್ದರಿಂದಲೇ ಅಷ್ಟು ಧೈರ್ಯ ಬಂತು. ಡಿ ಡ್ರೈವ್ ತೆರೆಯಿತು. ನ್ಯೂ ಫೋಲ್ಡರ್ 2 ಅನ್ನುವುದರೊಳಗೆ 43 ವರ್ಡ್ ಫೈಲ್‌ಗಳು.

ಮೊದಲನೆಯದನ್ನು ತೆರೆದಾಗ ತಂಗಿ "ಅಯ್ಯೋ, ಹಾಳಾಗಿದೆ" ಅಂದಳು. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಸೊಟ್ಟ ಸೊಟ್ಟ ಗುರುತು. ಹಾಳಾಗಿರಲಿಲ್ಲ. ಅಮ್ಮ ಟೈಪ್ ಮಾಡಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಹಾಕಿದ ಕೂಡಲೇ ಕನ್ನಡ ಮೂಡಿತು. ಹಳೇ ಡಿಸ್ಕ್‌ನಲ್ಲಿ ಇಂಥ ಫೈಲ್ ಸಿಕ್ಕರೆ ಕಸ ಅಂತ ಅಳಿಸಬೇಡಿ. ಆಮೇಲೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿದೆ. ಬದಲಾಯಿಸಿದ ಮೇಲೂ ಒಮ್ಮೆ ಕೂತು ಓದಬೇಕು. ಅರ್ಕಾವತ್ತು ಹಳೇ ಫಾಂಟ್‌ನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಅಲ್ಲಿ ತಪ್ಪಾಗುವುದು ಜಾಸ್ತಿ. ಮೂಲ ಫೈಲ್‌ಗಳನ್ನು ಹಾಗೇ ಇಟ್ಟಿದ್ದೇನೆ.

ಇನ್ನು ಉಳಿದದ್ದು ಆ 192 ಸೆಕ್ಟರ್. ಅವು ಯಾವ ಫೈಲ್‌ಗಳಲ್ಲಿ ಬಿದ್ದಿವೆ? ಡಿಡಿರೆಸ್ಕ್ಯೂನಲ್ಲೇ ಇದಕ್ಕೊಂದು ಚಂದದ ಉಪಾಯ ಇದೆ. ಓದಲಾಗದ ಜಾಗಗಳಿಗೆಲ್ಲ, ನಕಲಿನಲ್ಲಿ, ನಾವು ಹೇಳಿದ ಒಂದು ಗುರುತಿನ ಪದವನ್ನು ತುಂಬಿಸಬಹುದು. ಆಮೇಲೆ ಎಲ್ಲಾ ಫೈಲ್‌ಗಳಲ್ಲಿ ಆ ಪದವನ್ನು ಹುಡುಕಿದರೆ ಸಾಕು, ಪೆಟ್ಟು ತಿಂದ ಫೈಲ್‌ಗಳು ಸಿಗುತ್ತವೆ. ಹೆಚ್ಚಿನವು ವಿಂಡೋಸ್‌ನ ಸ್ವಂತ ಫೈಲ್‌ಗಳು, ನಮಗೆ ಬೇಡದವು. ಎರಡು ಫೋಟೋ. ಮತ್ತೆ ಅಮ್ಮನ ಒಂದು ಫೈಲ್.

ಅವಳು ಸೈಕಲ್ ಕಲಿತ ದಿನದ ಬರಹ ಅದು. ಸೋದರಮಾವ ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದ, ಇದ್ದಕ್ಕಿದ್ದ ಹಾಗೆ ಕೈ ಬಿಟ್ಟ ಅನ್ನುವಲ್ಲಿಗೆ ಬಂದು, ಒಂದು ಸೆಕ್ಟರ್‌ನಷ್ಟು, ಆರೇಳು ಸಾಲು, ನಾನು ತುಂಬಿಸಿದ ಗುರುತಿನ ಪದವೇ ಸಾಲಾಗಿ ನಿಂತಿತ್ತು. ತಂಗಿ ಸುಮ್ಮನೆ ಎದ್ದು ಹೋದಳು.

ರಾತ್ರಿ ನನಗೆ ಹೊಳೆಯಿತು. ವರ್ಡ್ ಒಂದು ಫೈಲ್ ಅನ್ನು ಉಳಿಸುವಾಗ ಹಳೆಯದರ ಮೇಲೇ ಬರೆಯುವುದಿಲ್ಲ. ಹೊಸದಾಗಿ ಬರೆದು, ಹೆಸರು ಬದಲಾಯಿಸಿ, ಹಳೆಯದನ್ನು ಅಳಿಸುತ್ತದೆ. ಅಂದರೆ ಅಮ್ಮ ಪ್ರತಿ ಸಲ ಉಳಿಸಿದಾಗಲೂ ಒಂದು ಹಳೇ ಪ್ರತಿ ಖಾಲಿ ಜಾಗದಲ್ಲಿ ಬಿದ್ದಿರಬಹುದು. ಅಳಿಸಿದ ಫೈಲ್ ಅಲ್ಲಿ ಬೇರೆ ಏನಾದರೂ ಬರೆಯುವ ತನಕ ಇರುತ್ತದೆ. ತಿರುಗುವ ತಟ್ಟೆ ಇಲ್ಲದ ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ಟ್ರಿಮ್ ಅನ್ನುವುದು ಆ ಜಾಗವನ್ನು ಬೇಗ ಖಾಲಿ ಮಾಡಿಸುತ್ತದೆ. ಇದು ಹಳೇ ಡಿಸ್ಕ್.

ಅಳಿಸಿದ ಫೈಲ್ ಹುಡುಕುವ ಫೋಟೋರೆಕ್ ಅನ್ನುವ ಪ್ರೋಗ್ರಾಮ್ ಅನ್ನು ನಕಲಿನ ಮೇಲೆ ಓಡಿಸಿದೆ. ಹೆಸರು ಕೇಳಿ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ. ಅದು ಫೈಲ್ ಸಿಸ್ಟಮ್ ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲ್‌ನ ಮೊದಲ ಕೆಲವು ಬೈಟ್‌ಗಳ ಗುರುತು ಹಿಡಿದು ಎತ್ತುತ್ತದೆ. ಹಾಗಾಗಿ ಫೈಲ್‌ನ ಹೆಸರು, ಫೋಲ್ಡರ್ ಏನೂ ಉಳಿಯುವುದಿಲ್ಲ. ವರ್ಡ್ ಫೈಲ್ ಮಾತ್ರ ಸಾಕು ಅಂತ ಹೇಳಿದ್ದರೂ ಆರುನೂರಕ್ಕೂ ಜಾಸ್ತಿ ಬಂದವು, ಎಲ್ಲಕ್ಕೂ ಬರೀ ಸಂಖ್ಯೆಯ ಹೆಸರು. ಒಂದೊಂದೇ ತೆರೆಯಲಿಲ್ಲ. ಸಾಲು ತುಂಡಾಗುವುದಕ್ಕೆ ಸ್ವಲ್ಪ ಮುಂಚಿನ ನಾಲ್ಕು ಪದಗಳನ್ನು, ಆ ಸೊಟ್ಟ ಗುರುತಿನ ಅಕ್ಷರಗಳಲ್ಲೇ, ಹಾಗೇ ಎಲ್ಲಾ ಫೈಲ್‌ಗಳಲ್ಲಿ ಹುಡುಕಿದೆ. ಯೂನಿಕೋಡ್ ಕನ್ನಡದಲ್ಲಿ ಹುಡುಕಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಮೂರು ಫೈಲ್ ಸಿಕ್ಕವು. ಒಂದು ತೆರೆಯಲಿಲ್ಲ. ಇನ್ನೊಂದರಲ್ಲಿ ಬರಹ ಅಲ್ಲಿಗೇ ನಿಂತಿತ್ತು, ಅವತ್ತು ಅಷ್ಟೇ ಬರೆದಿದ್ದಳು ಅಂತ ಕಾಣುತ್ತದೆ. ಮೂರನೆಯದರಲ್ಲಿ ಆ ಸಾಲುಗಳಿದ್ದವು. ಕೊನೆಯ ಪ್ರತಿಗಿಂತ ಹಿಂದಿನದು, ಅಲ್ಲಲ್ಲಿ ಕಾಗುಣಿತ ತಪ್ಪು, ಆಮೇಲೆ ಅವಳು ತಿದ್ದಿಕೊಂಡಿದ್ದಿರಬೇಕು. ಕೈ ಬಿಟ್ಟದ್ದು ಗೊತ್ತಾಗದೆ ಅವಳು ಮಾವನ ಜೊತೆ ಮಾತಾಡುತ್ತಲೇ ಸೈಕಲ್ ತುಳಿದುಕೊಂಡು ಹೋಗಿದ್ದಳಂತೆ. ತಿರುಗಿ ನೋಡಿದರೆ ಮಾವ ಎಷ್ಟೋ ದೂರದಲ್ಲಿ ನಿಂತು ಕೈ ಬೀಸುತ್ತಿದ್ದನಂತೆ. ರಾತ್ರಿ ಒಂದೂವರೆ ಆಗಿತ್ತು. ತಂಗಿಗೆ ಆಗಲೇ ಫೋನ್ ಮಾಡಿ ಓದಿ ಹೇಳಿದೆ.