ತಿರುಗದ ಸ್ಪ್ರಿಂಕ್ಲರ್: ತೊಳೆಯುವುದಾ, ಬದಲಿಸುವುದಾ?

ಮಾರ್ಚ್ ಬಂತೆಂದರೆ ಕಲಬುರಗಿಯಲ್ಲಿ ಲಾನ್ ಬೆಳೆಸಿದವರಿಗೆ ಪರೀಕ್ಷೆ ಶುರು. ಹೋದ ಬೇಸಿಗೆಯಲ್ಲಿ ನಮ್ಮ ಮನೆ ಮೂಲೆಯ ಗೇರ್ ರೋಟರ್ ಸ್ಪ್ರಿಂಕ್ಲರ್ (ನೀರಿನ ಒತ್ತಡಕ್ಕೆ ಒಳಗಿನ ಗೇರ್ ಓಡಿ ತಲೆ ತಿರುಗುವಂಥದ್ದು) ತಿರುಗದೆ ಒಂದೇ ಕಡೆ ನೀರು ಹೊಡೆಯುತ್ತಿತ್ತು. ಫರ್ಸಿ ಕಲ್ಲಿನ ಪಕ್ಕ ಕೆಸರು, ನಡುವೆ ಹಳದಿ ಹುಲ್ಲು. ಸಿಟ್ಟಿನಲ್ಲಿ ಅದರ ತಲೆ ಹಿಡಿದು ಜೋರಾಗಿ ತಿರುವಿದೆ. ಒಳಗೆ ‘ಕಟಕ್’ ಅಂತು. ಮಾಲಿ ಕಾಕಾ ಬಂದು ನೋಡಿ, “ಕೆಟ್ಟಿದ್ದಿಲ್ರಿ ಸರ, ಒಳಗ ಉಸುಕು ಕುಂತಿತ್ತು. ಈಗ ಕೆಟ್ತು ನೋಡ್ರಿ” ಅಂದರು.

ಅದಕ್ಕೇ, ಅಂಗಡಿಗೆ ಓಡುವ ಮೊದಲು ಬಿಚ್ಚಿ ನೋಡಿ. ಮೋಟರ್ ಬಂದ್ ಮಾಡಿ, ಮೇಲಿನ ಮುಚ್ಚಳವನ್ನು ಎಡಕ್ಕೆ ತಿರುಗಿಸಿದರೆ ಒಳಗಿನ ಭಾಗ ಪೂರ್ತಿ ಹೊರಗೆ ಬರುತ್ತದೆ. ತಳದಲ್ಲಿ ಜಾಲರಿ ಇರುತ್ತದೆ. ಬೋರ್ ನೀರಾದರೆ ಅದರಲ್ಲಿ ಉಸುಕು ತುಂಬಿರುವುದೇ ಹೆಚ್ಚು. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ನಾಝಲ್‌ಗೆ, ಅಂದರೆ ನೀರು ಚಿಮ್ಮುವ ಮೂತಿಗೆ, ಗಡಸು ನೀರಿನ ಬಿಳಿ ಪದರ ಕಟ್ಟಿದ್ದರೆ ಒಂದು ತಾಸು ವಿನೆಗರ್‌ನಲ್ಲಿ ನೆನೆಸಿಡಿ. ಇಷ್ಟಾದ ಮೇಲೂ ತಿರುಗದಿದ್ದರೆ ಗೇರ್ ಸವೆದಿದೆ ಎಂದು ತಿಳಿಯಿರಿ.

ಅದೇ ಕಂಪನಿಯ ಅದೇ ಮಾಡೆಲ್ ಸಿಕ್ಕರೆ ನಿಮ್ಮ ನಸೀಬು. ಹೊಸದರ ಒಳಭಾಗ ತೆಗೆದು ನೆಲದಲ್ಲಿರುವ ಹಳೆ ಡಬ್ಬಿಯೊಳಗೆ ಕೂಡಿಸಿದರೆ ಆಯ್ತು, ಅಗೆಯುವ ಕೆಲಸವೇ ಇಲ್ಲ. ಸಿಗದಿದ್ದರೆ ಕೆಟ್ಟದ್ದನ್ನೇ ಕೈಯಲ್ಲಿ ಹಿಡಿದು ಹೋಗಿ, ಕೆಳಗಿನ ಥ್ರೆಡ್ ಅರ್ಧ ಇಂಚೋ ಮುಕ್ಕಾಲು ಇಂಚೋ ನೋಡಿ ತನ್ನಿ.

ಆಯ್ಕೆಯಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು ಒತ್ತಡ. ರೋಟರ್ ಸರಿಯಾಗಿ ತಿರುಗಲು ಸುಮಾರು 2ರಿಂದ 3 ಬಾರ್ ಬೇಕು. 10 ಮೀಟರ್ ಎತ್ತರದ ನೀರು ಕೊಡುವುದು 1 ಬಾರ್ ಮಾತ್ರ. ಮಹಡಿ ಮೇಲಿನ ಟ್ಯಾಂಕಿನಿಂದ ನೇರ ಪೈಪ್ ಎಳೆದರೆ ಎಷ್ಟು ದುಬಾರಿ ಸ್ಪ್ರಿಂಕ್ಲರ್ ತಂದರೂ ಅಳುತ್ತಾ ನಿಲ್ಲುತ್ತದೆ. ಮೋಟರ್ ಲೈನ್‌ಗೇ ಜೋಡಿಸಿ, ಇಲ್ಲಾ ಬೂಸ್ಟರ್ ಪಂಪ್ ಹಾಕಿ.

ಎರಡನೆಯದು ನಾಝಲ್. ಹೊಸ ರೋಟರ್ ಜೊತೆ ಡಬ್ಬಿಯಲ್ಲಿ ಏಳೆಂಟು ನಾಝಲ್ ಕೊಟ್ಟಿರುತ್ತಾರೆ. ನಾವು ಸುಮ್ನೆ ಮೊದಲೇ ಕೂತದ್ದನ್ನು ಹಾಗೇ ಬಿಡುತ್ತೇವೆ ಅಲ್ವಾ? ಮೂಲೆಯ ರೋಟರ್ ಕಾಲು ಸುತ್ತಷ್ಟೇ ತಿರುಗುತ್ತದೆ, ನಡುವಿನದು ಪೂರ್ತಿ ಸುತ್ತು. ಎರಡಕ್ಕೂ ಒಂದೇ ನಾಝಲ್ ಇದ್ದರೆ ಮೂಲೆಗೆ ನಾಲ್ಕು ಪಟ್ಟು ನೀರು ಬೀಳುತ್ತದೆ. ಮೂಲೆಗೆ ನಿಮಿಷಕ್ಕೆ 4 ಲೀಟರಿನದು ಹಾಕಿದರೆ ಬದಿಯ ಅರ್ಧ ಸುತ್ತಿಗೆ 8, ನಡುವಿಗೆ 16 ಲೀಟರಿನದು ಬೇಕು. ನಮ್ಮ ಮನೆಯ ಕೆಸರಿನ ಗುಟ್ಟು ಅರ್ಧ ಇಲ್ಲೇ ಇತ್ತು. ಒಂದರ ನೀರು ಪಕ್ಕದ್ದರ ಬುಡ ಮುಟ್ಟುವಷ್ಟು ದೂರದಲ್ಲಿ ರೋಟರ್ ಇರಬೇಕು ಎಂಬುದೂ ನೆನಪಿರಲಿ.

ತಿರುಗದೆ ಚಿಮ್ಮುವ ಸಣ್ಣ ಸ್ಪ್ರೇ ತಲೆಗಳು ಅಗ್ಗ. ಆದರೆ ಗಂಟೆಗೆ ಸುಮಾರು 40 ಮಿ.ಮೀ. ನೀರು ಸುರಿಯುತ್ತವೆ. ರೋಟರ್ 10-15 ಮಿ.ಮೀ. ಅಷ್ಟೇ. ನೆನೆದ ಎರೆ ಮಣ್ಣು ಆ 10 ಮಿ.ಮೀ. ಕುಡಿಯುವುದಕ್ಕೂ ಒದ್ದಾಡುತ್ತದೆ. ಹಾಗಾಗಿ ನಮ್ಮ ಕಡೆಗೆ ರೋಟರೇ ವಾಸಿ. ಅದನ್ನೂ ಒಂದೇ ಸಲ ಓಡಿಸಬೇಡಿ. ಹತ್ತು ನಿಮಿಷ ಬಿಟ್ಟು, ಮುಕ್ಕಾಲು ತಾಸು ಬಿಡುವು ಕೊಟ್ಟು ಮತ್ತೆ ಹತ್ತು ನಿಮಿಷ ಬಿಡಿ. ಬೀದರಿನ ಕೆಂಪು ಮಣ್ಣಿಗೆ ಈ ತಾಪತ್ರಯ ಕಡಿಮೆ. ನೀರು ಸುರಿಯುವ ವೇಗವೇ ಬೇರೆ ಆದ್ದರಿಂದ ಸ್ಪ್ರೇ, ರೋಟರ್ ಎರಡನ್ನೂ ಒಂದೇ ವಾಲ್ವ್‌ಗೆ ಜೋಡಿಸಬೇಡಿ.

ಇನ್ನು ಕೂಡಿಸುವ ಕೆಲಸ. ಹಿಂದಿನ ದಿನ ಮಣ್ಣು ತುಸು ನೆನೆಸಿ. ಒಣಗಿದ ಎರೆಗೆ ಖುರ್ಪಿ ಇಳಿಯುವುದಿಲ್ಲ. ಸುತ್ತ ಒಂದು ಗೇಣು ಬಿಟ್ಟು ಹುಲ್ಲನ್ನು ರೊಟ್ಟಿಯಂತೆ ದುಂಡಗೆ ಕತ್ತರಿಸಿ ಒದ್ದೆ ಗೋಣಿಚೀಲದ ಮೇಲಿಡಿ. ಒಂದು ಕೈಯಲ್ಲಿ ಕೆಳಗಿನ ಪೈಪ್ ಗಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಹಳೆಯದನ್ನು ಬಿಚ್ಚಿ. ಹಿಡಿಯದೆ ತಿರುಗಿಸಿದರೆ ಪೈಪಿನ ಎಲ್ಬೋ ಮುರಿಯುತ್ತದೆ. ಹೊಸದು ಕೂಡಿಸುವ ಮೊದಲು ಅರ್ಧ ನಿಮಿಷ ನೀರು ಬಿಟ್ಟು ಪೈಪ್ ತೊಳೆಯಿರಿ. ಇದೊಂದನ್ನು ಬಿಟ್ಟರೆ ಉಸುಕು ನೇರ ಹೊಸ ಜಾಲರಿಗೇ ಹೋಗುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಕೈಯಲ್ಲೇ ಬಿಗಿ ಮಾಡಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ತಲೆ ನೆಲದ ಮಟ್ಟಕ್ಕಿರಲಿ, ಇಲ್ಲದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಗುತ್ತದೆ.

ತಿರುಗುವ ಅಳತೆ ಕೊನೆಗೆ. ರೋಟರಿನ ಒಂದು ಬದಿಯ ಗಡಿ ಬದಲಾಗುವುದಿಲ್ಲ. ಅದು ಎಡವೋ ಬಲವೋ ಕಂಪನಿ ಮೇಲೆ ಹೋಗುತ್ತದೆ. ಮೊದಲು ಆ ಗಡಿಯನ್ನು ಗೋಡೆಗೆ ಸರಿಯಾಗಿ ಹೊಂದಿಸಿ, ಆಮೇಲೆ ಕೀಲಿಯಿಂದ ಇನ್ನೊಂದು ಬದಿ ಕೂಡಿಸಿ. ನೀರು ಬೀಳುವ ದೂರ ಜಾಸ್ತಿ ಆದರೆ ಮೇಲಿನ ಸ್ಕ್ರೂ ಸ್ವಲ್ಪ ಇಳಿಸಿ. ತೀರಾ ಇಳಿಸಬೇಕಾಗಿ ಬಂದರೆ ಸಣ್ಣ ನಾಝಲ್ ಹಾಕುವುದೇ ಒಳ್ಳೆಯದು.

ಒಂದೇ ಅಳತೆಯ ಐದಾರು ಸ್ಟೀಲ್ ಡಬ್ಬಿ ಲಾನ್ ಮೇಲೆ ಅಲ್ಲಲ್ಲಿ ಇಟ್ಟು, ಬೆಳಗ್ಗೆ ಗಾಳಿ ಏಳುವ ಮುಂಚೆ ಇಪ್ಪತ್ತು ನಿಮಿಷ ಓಡಿಸಿ. ಸ್ಕೇಲ್ ಇಟ್ಟು ಅಳೆಯಿರಿ. ಒಂದರಲ್ಲಿ ಎರಡು ಮಿ.ಮೀ., ಇನ್ನೊಂದರಲ್ಲಿ ಆರು ಬಂದರೆ ಮತ್ತೆ ನಾಝಲ್ ಡಬ್ಬಿ ತೆಗೆಯಿರಿ. ಮೊದಲ ಮಳೆ ಬಿದ್ದ ಮೇಲೂ ಒಮ್ಮೆ ಬಗ್ಗಿ ನೋಡಿ. ಎರೆ ಮಣ್ಣು ಉಬ್ಬಿದಾಗ ತಲೆ ವಾಲುತ್ತದೆ. ಸುತ್ತ ಎರಡು ಬೊಗಸೆ ಮುರುಮ್ ತುಂಬಿದ ಮೇಲೆ ನಮ್ಮದು ನೆಟ್ಟಗೆ ನಿಂತಿದೆ.