ಬೊಂಡಾಸ್ ಬಿಚ್ಚಿ ನೋಡುವ ಕ್ರಮ: ನನ್ನ ಅನುಭವ

ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಕಡಲಜೀವಿಯನ್ನು ಬಿಚ್ಚಿ ಒಳಗಿನ ಅಂಗಗಳನ್ನು ನೋಡಲು ಕೂರುವ ಮೊದಲು ನಾನು ಉಪ್ಪುನೀರು ಮಾಡಿಟ್ಟುಕೊಳ್ಳುತ್ತೇನೆ. ಲೀಟರಿಗೆ 35 ಗ್ರಾಂ ಕಲ್ಲುಪ್ಪು, ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದರೆ ಮುಗಿಯಿತು. ನಲ್ಲಿ ನೀರು ಹಾಕಿದರೆ ಕಡಲಿನ ಉಪ್ಪಿಗೆ ಒಗ್ಗಿದ ಜೀವಕೋಶಗಳು ನೀರು ಹೀರಿ ಊದುತ್ತವೆ. ಗಾಜಿನಂತಿದ್ದ ಮಾಂಸ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ನರ ಯಾವುದು ಪೊರೆ ಯಾವುದು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ತರುವಾಗಲೂ ಇದೇ ಎಚ್ಚರ ಬೇಕು. ಮಂಗಳೂರಿನ ದಕ್ಕೆಯಲ್ಲಾಗಲಿ ಮಲ್ಪೆ ಬಂದರಿನಲ್ಲಾಗಲಿ, ಹಲವು ದಿನ ಕಡಲಿನಲ್ಲೇ ಇದ್ದು ಬರುವ ದೊಡ್ಡ ಟ್ರಾಲ್ ಬೋಟಿನ ಮಾಲು ಅಡುಗೆಗೆ ಚೆನ್ನಾಗಿದ್ದರೂ ಈ ಕೆಲಸಕ್ಕೆ ಹಳತು. ಅದೇ ದಿನ ಹೋಗಿ ಬಂದ ಸಣ್ಣ ಬೋಟಿನದ್ದು ಕೇಳಿ. ಚರ್ಮ ತೆಳ್ಳಗೆ ಪಾರದರ್ಶಕವಾಗಿದ್ದು ಕಂದು ಚುಕ್ಕೆಗಳು ಬಿಡಿಬಿಡಿಯಾಗಿ ಕಾಣಬೇಕು. ಮೈಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಕೈಗೇ ಸುಲಿದು ಬಂದರೆ ಬೇಡ. ಮಾರುವವರು ಅಭ್ಯಾಸಬಲದಿಂದ ತಲೆ ಎಳೆದು ಶುಚಿ ಮಾಡಿಬಿಡುತ್ತಾರೆ, ಇಡಿಯಾಗಿಯೇ ಬೇಕು ಎಂದು ಮೊದಲೇ ಹೇಳಬೇಕು. ಪ್ಲಾಸ್ಟಿಕ್ ಚೀಲದೊಳಗೆ ಬೊಂಡಾಸ್, ಚೀಲದ ಹೊರಗೆ ಐಸು. ಕರಗಿದ ಐಸಿನ ನೀರೂ ಸಿಹಿನೀರೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ದಿನಗಳಲ್ಲಿ ಈ ಕೆಲಸ ಇಟ್ಟುಕೊಳ್ಳುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಯೂರೋಟ್ಯೂತಿಸ್ ಡುವಾಸೆಲೈ ಎಂಬ ಜಾತಿ. ಬಾಲದ ತುದಿಯಿಂದ ಕತ್ತಿನ ಅಂಚಿನವರೆಗೆ 12ರಿಂದ 18 ಸೆಂ.ಮೀ. ಇರುವುದು ಕೈಗೆ ಅನುಕೂಲ. ಕಪ್ಪೆ ಬೊಂಡಾಸ್ ಬೇರೆ ಪ್ರಾಣಿ. ಅದರ ಬೆನ್ನೊಳಗೆ ಸುಣ್ಣದ ಸಮುದ್ರಫೇನ ಇರುತ್ತದೆ, ಇದರಲ್ಲಿ ಇರುವುದು ಗರಿಯಾಕಾರದ ತೆಳು ಪಾರದರ್ಶಕ ಪಟ್ಟಿ ಮಾತ್ರ.

ತಟ್ಟೆ ಕಪ್ಪು ಬಣ್ಣದ್ದಿರಲಿ. ಬಿಳಿ ತಟ್ಟೆಯಲ್ಲಿ ಬಿಳಿ ಅಂಗ ಕಾಣುವುದಿಲ್ಲ. ತಳಕ್ಕೆ ಥರ್ಮೋಕೋಲ್ ಅಂಟಿಸಿ, ಗುಂಡುಸೂಜಿ ಚುಚ್ಚಿ, ಪ್ರಾಣಿ ಮುಳುಗುವಷ್ಟು ಉಪ್ಪುನೀರು ಹಾಕುತ್ತೇನೆ. ಅಂಟಿಸದಿದ್ದರೆ ಥರ್ಮೋಕೋಲ್ ಪ್ರಾಣಿಯ ಸಮೇತ ತೇಲಿ ಮೇಲೆ ಬರುತ್ತದೆ.

ಕತ್ತರಿ ಹಿಡಿಯುವ ಮೊದಲು ಚರ್ಮ ನೋಡಿ. ತೀರ ತಾಜಾ ಇದ್ದರೆ ಬೆರಳು ತಾಗಿದಲ್ಲಿ ಚುಕ್ಕೆಗಳು ಹಿಗ್ಗಿ ಕುಗ್ಗುತ್ತವೆ. ಒಂದೊಂದು ಚುಕ್ಕೆಯೂ ಬಣ್ಣ ತುಂಬಿದ ಪುಟ್ಟ ಚೀಲ, ಸುತ್ತಲೂ ಕಿರಣಗಳ ಹಾಗೆ ಸ್ನಾಯುಗಳು. ಸ್ನಾಯು ಎಳೆದಾಗ ಚೀಲ ಅಗಲವಾಗಿ ಬಣ್ಣ ಹರಡುತ್ತದೆ, ಸಡಿಲಿಸಿದಾಗ ಕುಗ್ಗಿ ಬಿಂದುವಾಗುತ್ತದೆ. ಈ ಸ್ನಾಯುಗಳಿಗೆ ಮಿದುಳಿನಿಂದ ನೇರ ನರ ಬಂದಿರುವುದರಿಂದಲೇ ಬೊಂಡಾಸ್ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಬಣ್ಣ ಬದಲಿಸುತ್ತದೆ. ಗೋಸುಂಬೆಗೆ ಆ ವೇಗ ಇಲ್ಲ.

ಈಗ ಕೊಯ್ಯುವುದು. ತಲೆ ನಮ್ಮ ಕಡೆಗೆ, ಹೊಟ್ಟೆ ಮೇಲಕ್ಕೆ. ಆಲಿಕೆಯಂಥ ಕೊಳವೆ ಇರುವ ಬದಿಯೇ ಹೊಟ್ಟೆ. ಹೊಸಬರು ಇಲ್ಲೇ ತಪ್ಪುತ್ತಾರೆ: ಬೆನ್ನಿನ ಕಡೆಯಿಂದ ಕತ್ತರಿಸಿ, ಗರಿಗೆ ಸಿಕ್ಕಿಹಾಕಿಕೊಂಡು, ಒತ್ತಿ, ಒಳಗಿನದನ್ನೆಲ್ಲ ಜಜ್ಜಿಬಿಡುತ್ತಾರೆ. ಆಲಿಕೆಯ ಬಳಿ ಹೊರಚೀಲದ ಅಂಚನ್ನು ಚಿಮಟದಿಂದ ಎತ್ತಿ, ಮೊಂಡು ತುದಿಯ ಕತ್ತರಿಯನ್ನು ಒಳಗೆ ತೂರಿಸಿ, ನಡುಗೆರೆಯಿಂದ ಅರ್ಧ ಸೆಂ.ಮೀ. ಪಕ್ಕದಲ್ಲಿ ಬಾಲದವರೆಗೆ ಕತ್ತರಿಸಬೇಕು. ಕತ್ತರಿ ಹೊರಚೀಲದ ಗೋಡೆಗೆ ಒತ್ತಿಕೊಂಡೇ ಸಾಗಲಿ, ಕೆಳಗೆ ಬಾಗಿದರೆ ಮಸಿಚೀಲ ಒಡೆಯುತ್ತದೆ. ನಡುಗೆರೆಯಲ್ಲಿ ಕರುಳನ್ನು ಗೋಡೆಗೆ ಕಟ್ಟಿದ ತೆಳು ಪೊರೆಯೊಂದಿದೆ. ಅದನ್ನು ಬೇರೆಯಾಗಿ ಬಿಡಿಸಿಕೊಂಡ ಮೇಲೆಯೇ ಚೀಲವನ್ನು ಎರಡೂ ಬದಿಗೆ ಹರಡಿ ಸೂಜಿ ಚುಚ್ಚುತ್ತೇನೆ. ಮಸಿ ಒಡೆದರೆ ಕೈಯಿಂದ ಒರೆಸಬೇಡಿ. ತಟ್ಟೆಯ ನೀರು ಚೆಲ್ಲಿ ಹೊಸ ಉಪ್ಪುನೀರು ಹಾಕಿ, ಎರಡು ಸಲ ಹೀಗೆ ಮಾಡಿದರೆ ತಿಳಿಯಾಗುತ್ತದೆ.

ಆಲಿಕೆಯ ಬುಡದ ಎರಡು ಬದಿಗೂ ಗಟ್ಟಿ ಗುಳಿಗಳಿವೆ, ಹೊರಚೀಲದ ಒಳಗೋಡೆಯಲ್ಲಿ ಅದಕ್ಕೆ ಸರಿಯಾದ ಉಬ್ಬುಗಳು. ಟಿಚ್ ಬಟನ್ನಿನ ಹಾಗೆ ಒಂದಕ್ಕೊಂದು ಕೂರುತ್ತವೆ. ಇದು ಕೂತಾಗ ಅಂಚು ಮುಚ್ಚಿ, ನೀರಿಗೆ ಆಲಿಕೆಯೊಂದೇ ದಾರಿ. ಚೀಲ ಬಿಗಿದರೆ ನೀರು ಚಿಮ್ಮಿ ಪ್ರಾಣಿ ಹಿಂದಕ್ಕೆ ಹಾರುತ್ತದೆ.

ಎರಡು ಕಿವಿರು, ಅವುಗಳ ಬುಡದಲ್ಲಿ ಒಂದೊಂದು ಕಿವಿರು ಹೃದಯ, ನಡುವೆ ಮೈಗೆಲ್ಲ ರಕ್ತ ಒತ್ತುವ ಮುಖ್ಯ ಹೃದಯ. ಹೀಗೆ ಮೂರು. ರಕ್ತ ಕೆಂಪಾಗಿ ಕಾಣಬಹುದೆಂದು ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿ ಆಮ್ಲಜನಕ ಹೊರುವುದು ತಾಮ್ರವಿರುವ ಹೀಮೋಸಯನಿನ್, ಗಾಳಿ ತಾಗಿದರೆ ಸಣ್ಣಗೆ ನೀಲಿ ಛಾಯೆ ಬರುತ್ತದೆ. ಹೆಣ್ಣಾದರೆ ನಡುವಿನಲ್ಲಿ ದಪ್ಪ ಬಿಳಿ ಗ್ರಂಥಿಗಳ ಜೋಡಿ ಎದ್ದು ಕಾಣುತ್ತದೆ, ಮೊಟ್ಟೆಗಳ ಹೊದಿಕೆ ಅಲ್ಲಿಂದ. ಅದನ್ನು ಮೆಲ್ಲಗೆ ಎತ್ತಿ ತೆಗೆದರೆ ಮಾತ್ರ ಕೆಳಗಿನ ಅಂಗಗಳು ಸಿಗುತ್ತವೆ. ಗಂಡನ್ನು ಹೊರಗಿನಿಂದಲೇ ಗುರುತಿಸಬಹುದು: ಆಲಿಕೆಯ ಪಕ್ಕದ ಎಡ ತೋಳಿನ ತುದಿಯಲ್ಲಿ ಹೀರುಬಟ್ಟಲುಗಳು ಸವೆದು ಸಣ್ಣ ಮೊನೆಗಳಾಗಿರುತ್ತವೆ. ವೀರ್ಯದ ಕಟ್ಟುಗಳನ್ನು ಹೆಣ್ಣಿಗೆ ದಾಟಿಸುವುದು ಆ ತೋಳಿನಿಂದ. ಮಸಿಚೀಲದ ಮೇಲೆ ಎರಡು ಬದಿಗೂ ಹುರುಳಿಕಾಳಿನಂಥ ಬೆಳಕಿನ ಅಂಗಗಳಿವೆ, ಅವಸರದಲ್ಲಿ ಮಸಿಚೀಲ ಕಿತ್ತು ಬಿಸಾಡುವವರಿಗೆ ಅವು ಕಾಣಸಿಗುವುದೇ ಇಲ್ಲ.

ನನಗೆ ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ನಕ್ಷತ್ರ ನರಗಂಟು. ಕರುಳನ್ನು ಒಂದು ಬದಿಗೆ ಸರಿಸಿ, ಹೊರಚೀಲದ ಒಳಗೋಡೆಯಲ್ಲಿ ಕತ್ತಿನ ಹತ್ತಿರ ನೋಡಿ. ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ನರಗಳು ಹರಡಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಬಾಲದ ಕಡೆಗೆ ದೂರ ಹೋಗುವ ನರದೆಳೆಯೇ ಹೆಚ್ಚು ದಪ್ಪ. ದಪ್ಪ ಎಳೆಯಲ್ಲಿ ಸಂಕೇತ ಬೇಗ ಓಡುತ್ತದೆ, ಆದ್ದರಿಂದ ದೂರದ ಬಾಲಕ್ಕೂ ಹತ್ತಿರದ ಅಂಚಿಗೂ ಅಪ್ಪಣೆ ಹೆಚ್ಚು ಕಡಿಮೆ ಒಟ್ಟಿಗೆ ಮುಟ್ಟಿ ಇಡೀ ಚೀಲ ಒಮ್ಮೆಲೇ ಬಿಗಿಯುತ್ತದೆ. ಇಂಥ ದೈತ್ಯ ನರದೆಳೆಯನ್ನು 1936ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆ. ಝಡ್. ಯಂಗ್ ವಿಜ್ಞಾನಿಗಳ ಗಮನಕ್ಕೆ ತಂದರು. ಅದರೊಳಗೆ ವಿದ್ಯುದ್ವಾರ ತೂರಿಸಿ ಅಳೆದ ಹಾಜ್ಕಿನ್ ಮತ್ತು ಹಕ್ಸ್‌ಲಿ 1963ರ ನೊಬೆಲ್ ಹಂಚಿಕೊಂಡರು. ನಮ್ಮ ನರಗಳಲ್ಲಿ ವಿದ್ಯುತ್ ಹೇಗೆ ಸಾಗುತ್ತದೆ ಎಂಬ ತಿಳಿವಳಿಕೆಯ ಬುಡ ಬೊಂಡಾಸಿನಲ್ಲಿದೆ.

ತಲೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದನ್ನು ಕೆಡಿಸದೆ ಒಳಗೆ ಹೋಗಲಾಗದು. ತೋಳುಗಳ ನಡುವೆ ಒತ್ತಿದರೆ ಗಿಳಿಯ ಕೊಕ್ಕಿನಂಥದ್ದು ಹೊರಬರುತ್ತದೆ. ಅನ್ನನಾಳ ಮಿದುಳಿನ ನಡುವೆಯೇ ಹಾದುಹೋಗುವುದರಿಂದ ದೊಡ್ಡ ತುತ್ತು ನುಂಗುವಂತಿಲ್ಲ, ಕೊಕ್ಕಿನಿಂದ ಕಡಿದು ಚೂರು ಮಾಡಲೇಬೇಕು. ಜಠರದಲ್ಲಿ ಇಡೀ ಮೀನು ಸಿಗದೆ ಬರೀ ತುಣುಕು, ಸಿಗಡಿಯ ಚಿಪ್ಪು, ಕೆಲವೊಮ್ಮೆ ಇನ್ನೊಂದು ಬೊಂಡಾಸಿನ ಚೂರು ಸಿಗುವುದು ಇದೇ ಕಾರಣಕ್ಕೆ.

ಆಮೇಲೆ ಆಲಿಕೆಯನ್ನು ಕತ್ತರಿಸಿ ತೆಗೆದು, ಕಣ್ಣುಗಳ ಹಿಂದಿನ ಮೃದ್ವಸ್ಥಿಯನ್ನು ಹೊಸ ಬ್ಲೇಡಿನಿಂದ ಪದರ ಪದರವಾಗಿ ಸವರುತ್ತೇನೆ. ಒಳಗೆ ಎರಡು ಪುಟ್ಟ ಕಲ್ಲುಗಳಿವೆ, ಒಂದೇ ಏಟಿಗೆ ಆಳಕ್ಕೆ ಹೋದರೆ ಕಲ್ಲು ಎರಡು ತುಂಡು. ತೆಳುವಾಗುತ್ತ ಬಂದ ಹಾಗೆ ಒಳಗೆ ಎರಡು ಬಿಳಿ ಚುಕ್ಕೆ ಕಾಣುತ್ತವೆ, ಸುಮಾರು ಒಂದು ಮಿಲಿಮೀಟರಿನವು. ಇವು ಪ್ರಾಣಿಗೆ ಮೇಲು ಕೆಳಗು ತಿಳಿಸುವ ಸಮತೋಲನದ ಕಲ್ಲುಗಳು. ದಿನಕ್ಕೊಂದು ಉಂಗುರದಂತೆ ಬೆಳೆಯುವುದರಿಂದ, ನಯವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ವಯಸ್ಸು ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ತೆಗೆದ ಕಲ್ಲನ್ನು ಒಣಗಿಸಿ ಇಡಿ, ಇಲ್ಲವೇ ಆಲ್ಕೋಹಾಲಿನಲ್ಲಿ. ಫಾರ್ಮಲಿನ್ನಿನಲ್ಲಿ ಹಾಕಿದರೆ ಅದರ ಆಮ್ಲ ಸುಣ್ಣವನ್ನು ತಿಂದು, ಹೊರ ಅಂಚಿನ ಉಂಗುರಗಳು, ಅಂದರೆ ಕೊನೆಯ ದಿನಗಳು, ಮೊದಲು ಅಳಿಸಿಹೋಗುತ್ತವೆ.