ಟೀ ಹಿಗಿನ್ಸ್‌ಗೆ ಎಷ್ಟು ಕೊಡಬಹುದು? ನಾನು ಹಾಕಿದ ಲೆಕ್ಕ

2024ರ ಸೀಸನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನನ್ನ ತಂಡ ಸಿನ್ಸಿನಾಟಿ ಬೆಂಗಾಲ್ಸ್ 9 ಗೆದ್ದು 8 ಸೋತು, ಪ್ಲೇಆಫ್ ಮುಟ್ಟಲಿಲ್ಲ. ಬೇಜಾರಿಗೆ ಎಕ್ಸೆಲ್ ಶೀಟ್ ತೆಗೆದೆ. ಎಸೆದ ಚೆಂಡನ್ನು ಓಡಿ ಹಿಡಿಯುವ ವೈಡ್ ರಿಸೀವರ್ ಟೀ ಹಿಗಿನ್ಸ್‌ನನ್ನು ಉಳಿಸಿಕೊಳ್ಳಬೇಕಾ, ಬಿಡಬೇಕಾ? ತಂಡದವರು ನನ್ನನ್ನು ಕೇಳಿರಲಿಲ್ಲ ಬಿಡಿ, ಇದು ಅಭಿಮಾನಿಯ ಹುಚ್ಚು.

ಫೆಬ್ರವರಿಯಲ್ಲಿ 2025ರ ಸ್ಯಾಲರಿ ಕ್ಯಾಪ್ ಗೊತ್ತಾಯಿತು: 27.92 ಕೋಟಿ ಡಾಲರ್. 53 ಜನರ ತಂಡದ ಸಂಬಳ ಇದರೊಳಗೇ ಮುಗಿಯಬೇಕು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೋ ಬರೋಗೆ ವರ್ಷಕ್ಕೆ ಸರಾಸರಿ 5.5 ಕೋಟಿ. ಇನ್ನೊಬ್ಬ ರಿಸೀವರ್ ಜಮಾರ್ ಚೇಸ್‌ಗೂ ಹೊಸ ಒಪ್ಪಂದ ಕೊಡಬೇಕಿತ್ತು. ಮಿನೆಸೋಟ ತಂಡದ ರಿಸೀವರ್ ಜಸ್ಟಿನ್ ಜೆಫರ್ಸನ್ 2024ರಲ್ಲೇ ವರ್ಷಕ್ಕೆ 3.5 ಕೋಟಿ ತಗೊಂಡಿದ್ದ. ಚೇಸ್ ಅದಕ್ಕಿಂತ ಕಡಿಮೆಗೆ ಒಪ್ಪಲ್ಲ ಅಂತ 4 ಕೋಟಿ ಬರೆದೆ. ಹಿಗಿನ್ಸ್‌ಗೆ 2.6. ಕೂಡಿದರೆ ಕ್ಯಾಪ್‌ನ ನೂರಕ್ಕೆ 43 ಭಾಗ ಮೂರೇ ಜನಕ್ಕೆ! "ಬಿಟ್ಟುಬಿಡಿ" ಅಂತ ಕೆಂಪು ಬಣ್ಣದಲ್ಲಿ ಬರೆದೆ.

ಅಲ್ಲೇ ಎಡವಿದ್ದು. ಶೀಟ್ ನೋಡಿದ ಗೆಳೆಯ ನಕ್ಕ. "ಸರಾಸರಿ ಹಾಕಿದ್ದೀಯಲ್ಲ ಮಾರಾಯ, ಕ್ಯಾಪ್‌ನಲ್ಲಿ ಪ್ರತಿವರ್ಷ ಅಷ್ಟೇ ಕಳೀತಾರಾ?" ಇಲ್ಲ. ಸೈನಿಂಗ್ ಬೋನಸ್, ಅಂದರೆ ಸಹಿ ಹಾಕಿದ್ದಕ್ಕೆ ಕೊಡುವ ಹಣ, ಆಟಗಾರನ ಕೈಗೆ ಬೇಗ ಸಿಗುತ್ತದೆ, ಆದರೆ ಲೆಕ್ಕದಲ್ಲಿ ಹೆಚ್ಚೆಂದರೆ 5 ವರ್ಷಕ್ಕೆ ಹಂಚಬಹುದು. 4 ವರ್ಷದ ಒಪ್ಪಂದಕ್ಕೆ 2 ಕೋಟಿ ಬೋನಸ್ ಕೊಟ್ಟರೆ ವರ್ಷಕ್ಕೆ 50 ಲಕ್ಷ ಮಾತ್ರ ಬೀಳುತ್ತದೆ. ಐಪಿಎಲ್ ಪರ್ಸ್ ನೋಡಿ ಬೆಳೆದ ತಲೆಗೆ ಇದು ಹೊಳೆಯುವುದಿಲ್ಲ. ಅಪಾಯವೂ ಇದೆ. ಎರಡು ವರ್ಷಕ್ಕೇ ಕೈಬಿಟ್ಟರೆ ಹಂಚದೆ ಉಳಿದ ಬೋನಸ್ ಡೆಡ್ ಮನಿಯಾಗಿ ಕ್ಯಾಪ್ ಮೇಲೆ ಕೂರುತ್ತದೆ. ಆಡದವನಿಗೆ ಜಾಗ ಕೊಟ್ಟ ಹಾಗೆ.

ಆಗ ಫ್ರಾಂಚೈಸ್ ಟ್ಯಾಗ್ ಕಡೆ ನೋಡಿದೆ: ಒಪ್ಪಂದ ಮುಗಿದ ಆಟಗಾರನನ್ನು ನಿಗದಿತ ಸಂಬಳಕ್ಕೆ ಇನ್ನೊಂದು ವರ್ಷ ಉಳಿಸಿಕೊಳ್ಳುವ ದಾರಿ. 2024ರಲ್ಲಿ ಹಿಗಿನ್ಸ್ ಆಡಿದ್ದು ಅದರ ಮೇಲೆಯೇ, ಸುಮಾರು 2.18 ಕೋಟಿಗೆ. ಎರಡನೇ ಸಲ ಹಾಕಿದರೆ ಅದರ ನೂರಕ್ಕೆ 120, ಅಂದರೆ 2.62 ಕೋಟಿ. ಅಷ್ಟೂ ಒಂದೇ ವರ್ಷದ ಲೆಕ್ಕಕ್ಕೆ. ಸರಾಸರಿ ಇದಕ್ಕಿಂತ ಜಾಸ್ತಿಯಿದ್ದರೂ ದೀರ್ಘ ಒಪ್ಪಂದವೇ ಮೊದಲ ವರ್ಷ ಹಗುರ ಆಗಬಹುದು. ಕೆಂಪು ಅಕ್ಷರ ಅಳಿಸಿದೆ.

ಇನ್ನು ಗಾಯ. 2023ರಲ್ಲೂ 2024ರಲ್ಲೂ ಅವನು 17ರಲ್ಲಿ 12 ಪಂದ್ಯ ಮಾತ್ರ ಆಡಿದ್ದ. 2.6 ಕೋಟಿಯನ್ನು 17ರಿಂದ ಭಾಗಿಸಿದರೆ ಪಂದ್ಯಕ್ಕೆ 15 ಲಕ್ಷ, 12ರಿಂದಾದರೆ ಸುಮಾರು 22 ಲಕ್ಷ. ಆದರೂ 2024ರ ಆ 12 ಪಂದ್ಯದಲ್ಲೇ 10 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದಿದ್ದ, ಸುಮ್ನೆ ಅಲ್ಲ.

ಹಳೆಯ ಉದಾಹರಣೆ ನೋಡೋಣ ಅಂದರೆ ಎರಡೂ ಕಡೆಗೆ ಎಳೆದವು. 2022ರಲ್ಲಿ ಕ್ಯಾನ್ಸಸ್ ಸಿಟಿ ತನ್ನ ರಿಸೀವರ್ ಟೈರೀಕ್ ಹಿಲ್‌ನನ್ನು ಬೇರೆ ತಂಡಕ್ಕೆ ಕಳಿಸಿ, ಮುಂದಿನ ಎರಡೂ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿತು. ಅದೇ ವರ್ಷ ಟೆನೆಸಿ ತನ್ನ ರಿಸೀವರ್ ಎ.ಜೆ. ಬ್ರೌನ್‌ನನ್ನು ಫಿಲಡೆಲ್ಫಿಯಾಗೆ ಕಳಿಸಿ, ಬದಲಿಗೆ ಸಿಕ್ಕ 18ನೇ ಡ್ರಾಫ್ಟ್ ಆಯ್ಕೆಯಲ್ಲಿ (ಹೊಸ ಆಟಗಾರರನ್ನು ಆರಿಸುವ ಸರದಿ) ಟ್ರೇಲನ್ ಬರ್ಕ್ಸ್‌ನನ್ನು ತಂದಿತು. ಬ್ರೌನ್‌ನ ಜಾಗ ಅವನಿಂದ ತುಂಬಲಿಲ್ಲ. ನಾನು ಶೀಟ್ ತಿದ್ದುತ್ತಿದ್ದ ಫೆಬ್ರವರಿಯಲ್ಲೇ ಬ್ರೌನ್ ಸೂಪರ್ ಬೌಲ್ ಗೆದ್ದ, ಅದೂ ಕ್ಯಾನ್ಸಸ್ ಸಿಟಿ ವಿರುದ್ಧ! ಮಹೋಮ್ಸ್, ಕೆಲ್ಸಿಯಂಥ ದೊಡ್ಡ ಆಟಗಾರರಿದ್ದ ಕ್ಯಾನ್ಸಸ್ ಸಿಟಿಯಂಥ ಮನೆಗೆ ಒಬ್ಬ ರಿಸೀವರ್ ಹೋದರೆ ತಡೆದುಕೊಳ್ಳುತ್ತದೆ, ಎಲ್ಲರ ಮನೆಯೂ ಹಾಗಿರಲ್ಲ ಅಲ್ವಾ?

ಕೊನೆಗೆ ನನ್ನ ಮಿತಿ 2.7 ಕೋಟಿ ಅಂತ ಬರೆದು ಮುಚ್ಚಿಟ್ಟೆ. ಮಾರ್ಚ್‌ನಲ್ಲಿ ಸುದ್ದಿ ಬಂತು: 4 ವರ್ಷಕ್ಕೆ ಚೇಸ್‌ಗೆ 16.1 ಕೋಟಿ, ಹಿಗಿನ್ಸ್‌ಗೆ 11.5 ಕೋಟಿ. ಹಿಗಿನ್ಸ್‌ಗೆ ವರ್ಷಕ್ಕೆ 2.875. ನನ್ನ ಮಿತಿ ದಾಟಿತ್ತು, ಆದರೂ ಒಪ್ಪಿದೆ. 2022ರಲ್ಲಿ ಕ್ಯಾಪ್ 20.82 ಕೋಟಿ ಇತ್ತು, 2025ಕ್ಕೆ, ಮೂರೇ ವರ್ಷದಲ್ಲಿ, 7 ಕೋಟಿ ಏರಿತ್ತು. ಮುಂದೆ ವರ್ಷಕ್ಕೆ ನೂರಕ್ಕೆ 8ರಂತೆ ಏರಿದರೂ, 2025ರ ಕ್ಯಾಪ್‌ನ ನೂರಕ್ಕೆ 10.3 ಇದ್ದ ಹಿಗಿನ್ಸ್‌ನ ಈ ಮೊತ್ತ 2028ಕ್ಕೆ 8.2ಕ್ಕೆ ಇಳಿಯುತ್ತದೆ.

ಗೆಳೆಯ ಮಾತ್ರ ಇನ್ನೊಂದು ತಪ್ಪು ಹಿಡಿದ. 2024ರಲ್ಲಿ 17.5 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಕೆಡವುವುದು) ಮಾಡಿ ಇಡೀ ಲೀಗ್‌ಗೇ ಮೊದಲಿಗನಾಗಿದ್ದ ನಮ್ಮ ಟ್ರೇ ಹೆಂಡ್ರಿಕ್ಸನ್ ಕೂಡ ಜಾಸ್ತಿ ಹಣ ಕೇಳುತ್ತಿದ್ದ. ನನ್ನ ಶೀಟಿನಲ್ಲಿ ಅವನಿಗೊಂದು ಸಾಲೇ ಇರಲಿಲ್ಲ.